ಮಜ್ಜಿಗೆಯ ಚೊಂಬು

ಕಲಗಚ್ಚಿನ ಬಾನಿಗೆ ಕೈಯಿಳಿಸಿದ ಲಕ್ಕಮ್ಮನಿಗೆ ರಾಗಿಮುದ್ದೆ ಇಡಿಯಾಗಿಯೇ ಸಿಕ್ಕಿತು. ಯಲಹಂಕದ ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ.

"ನಾನು ತೊಳಸಿದ್ದು ದನಕ್ಕಾ? ಯಶವಂತಪುರದೋಳಿಗೆ ನಮ್ಮನೆ ಇಟ್ಟು ಇಳಿಯಲ್ವಾ?"

"ನುಂಗಕ್ಕೇ ಆಗಲ್ಲ ಅತ್ತೆ... ಎದೇಲಿ ಮುಳ್ಳು ಗೀರಿದಂಗೆ ಆಗ್ತದೆ" ಎಂದಳು ಸೊಸೆ ಮುನಿಯಲ್ಲಮ್ಮ.

ಮುದ್ದೆಯನ್ನು ಅಗಿಯುವವರುಂಟೇ? ನುಂಗಲಾಗದು ಎಂದರೆ ಅಲ್ಲಿ ಅದು ಕೊಬ್ಬು. ಗಂಡ ಮುನಿಆಂಜಿನಪ್ಪ ನೆಲ ನೋಡುತ್ತ ನಿಂತಿದ್ದ. ಅವಳಿಗೆ ಟೈಫಾಯಿಡ್ ಬಂದು ಹೋದ ಮೇಲೆ ಶುರುವಾದ ನೋವಿದು. ಊರಿನ ಡಾಕ್ಟರು ಹುಣ್ಣೆಂದು, ಆ ಜ್ವರಕ್ಕೆ ಕೊಟ್ಟಿದ್ದ ಗುಳಿಗೆಗಳನ್ನೇ ಮತ್ತೆ ಮತ್ತೆ ಕೊಟ್ಟರು. ನೋವು ಹೆಚ್ಚಿತೇ ಹೊರತು ತಗ್ಗಲಿಲ್ಲ. ಯಾರಿಗೆ ಹೇಳಿದರೂ ನಂಬುವವರಿಲ್ಲವಲ್ಲ ಎಂದು ಅವಳಿಗೆ ರೋಸಿಹೋಗಿತ್ತು.

ಹೊಲದ ಬದುವಿನಲ್ಲಿ ತಲೆಸುತ್ತಿ ಬಿದ್ದ ದಿನ ಗಂಡ ಅವಳನ್ನು ರೈಲಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅವನನ್ನು ಹೊರಗೇ ನಿಲ್ಲಿಸಿ, ಅವಳ ಗಂಟಲೊಳಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು, "ಅನ್ನನಾಳದ ತುಂಬ ಬಿಳೀ ಬೂಷ್ಟು ಕಟ್ಟಿದೆ. ಅಪರೂಪದ್ದು. ಆ ಗುಳಿಗೆಗಳಿಂದಲೇ ಬೆಳೆದಿದೆ, ನಿಲ್ಲಿಸಿ. ಈ ಔಷಧ ಬಾಯಲ್ಲಾಡಿಸಿ ಮೆಲ್ಲಗೆ ನುಂಗಮ್ಮ. ಆಮೇಲೆ ಸ್ವಲ್ಪ ಹೊತ್ತು ನೀರೂ ಕುಡೀಬೇಡ, ಔಷಧ ಅಲ್ಲೇ ಅಂಟಿಕೊಂಡಿರಬೇಕು. ಬೂಷ್ಟು ಮೈಗೆಲ್ಲ ಹರಡಿದರೆ ನನ್ನ ಕೈಲಿಲ್ಲ" ಎಂದರು.

ಬೂಷ್ಟಿನ ಸುದ್ದಿ ಕೇಳಿ ಲಕ್ಕಮ್ಮನ ಕೋಪ ಇಳಿಯಿತು. ಇಂಗ್ಲಿಷ್ ಔಷಧ ಉಷ್ಣವೆಂದು, ಸೊಸೆ ಅದನ್ನು ನುಂಗಿದ ಕೂಡಲೇ ಒಂದು ಚೊಂಬು ಮಜ್ಜಿಗೆ ತಂದು ಮುಂದಿಡತೊಡಗಿದಳು. "ಕುಡಿ ಮಗಾ." ಮದುವೆಯಾಗಿ ಬಂದಂದಿನಿಂದ ಕೇಳದ ಮಾತು! ಬೇಡವೆನ್ನಲು ಮುನಿಯಲ್ಲಮ್ಮನಿಗೆ ನಾಲಿಗೆ ಏಳಲಿಲ್ಲ. ದಿನವೂ ಕುಡಿದಳು. ಸೀಸೆ ಬರಿದಾಗುತ್ತ ಬಂತು, ನೋವು ಹಾಗೇ ಉಳಿಯಿತು. ಥೂ, ಬೈಗುಳವೇ ವಾಸಿಯಿತ್ತು, ಈ ಅಕ್ಕರೆ ನನ್ನನ್ನು ಕೊಲ್ಲುತ್ತದೆ ಎಂದು ಒಬ್ಬಳೇ ಹಲ್ಲು ಕಚ್ಚಿದಳು.

ಒಂದು ಬೆಳಿಗ್ಗೆ ಉಗುಳು ನುಂಗಿದರೂ ಕಣ್ಣಲ್ಲಿ ನೀರು ಬಂತು. ಚೊಂಬು ಬಂದಾಗ ಅವಳು ಕೈ ಚಾಚಲಿಲ್ಲ.

"ಬ್ಯಾಡ ಅತ್ತೆ."

"ಮತ್ತೆ ಶುರು ಮಾಡ್ದಾ? ನನ್ನ ಕೈದು ಏನೂ ಇಳಿಯಲ್ವಾ ನಿಂಗೆ?"

"ಇಳೀತದೆ... ಅದರ ಜತೆ ಔಷಧಾನೂ ಕೊಚ್ಕೊಂಡು ಓಗ್ತದೆ. ಡಾಕ್ಟ್ರು ಅವತ್ತೇ ಏಳಿದ್ರು. ನೀವು ಪ್ರೀತಿಯಿಂದ ಕೊಟ್ರಲ್ಲ, ಬ್ಯಾಡ ಅನ್ನಕ್ಕೆ ಆಗ್ಲಿಲ್ಲ."

ಲಕ್ಕಮ್ಮ ಚೊಂಬನ್ನು ಹಿಂದಕ್ಕೆ ಸೆಳೆದುಕೊಂಡಳು. "ಸಾಯೋಗಂಟ ಕುಡೀತಿದ್ದಾ... ನನ್ನ ಮುಖ ನೋಡ್ಕೊಂಡು?"

ಇಬ್ಬರೂ ಅತ್ತರು.

ಅಂದಿನಿಂದ ಔಷಧದ ಹೊತ್ತಿಗೆ ಲಕ್ಕಮ್ಮ ಚೊಂಬನ್ನು ಮಡಿಲಲ್ಲಿಟ್ಟು, ಸೆರಗು ಮುಚ್ಚಿ, ಜಗಲಿಯ ಮೇಲೆ ಕಾವಲು ಕೂತಳು. "ಕಂಬದ ನೆರಳು ಒಸಲಿಗೆ ಬರ್ಲಿ, ಆಮೇಲೆ ಕುಡಿಯುವಂತೆ." ಹೊಸ ಸೀಸೆ ಅರ್ಧವಾಗುವಷ್ಟರಲ್ಲಿ ಸೊಸೆಗೆ ಗಂಜಿ ಇಳಿಯತೊಡಗಿತು.

ಒಂದು ಮಧ್ಯಾಹ್ನ ಬಿಸಿಲಲ್ಲಿ ಬೆಂದು ಬಂದ ಮುನಿಆಂಜಿನಪ್ಪ ಚೊಂಬಿಗೆ ಕೈ ಹಾಕಿದ. ತಾಯಿ ಆ ಕೈಯನ್ನು ತಳ್ಳಿದಳು.

"ಗಡಿಗೇಲಿ ನೀರೈತೆ, ಕುಡಿ. ಇದು ನನ್ನ ಮಗಳ್ದು."