ಗೌರಾಬಾಯಿಯ ಅಗಲವಾದ ಕೈಗಳು

೧೯೪೧ರ ಸುಗ್ಗಿಯ ಒಂದು ಬೆಳಿಗ್ಗೆ. ಆಳಂದದ ಬಜಾರಿನಲ್ಲಿ ಬಸ್ಸು ಕಿರ್ರೆಂದು ನಿಂತಾಗ ಅದಕ್ಕೂ ಗೌರಾಬಾಯಿಗೂ ನಡುವೆ ಒಂದೇ ಗೇಣು ಅಂತರವಿತ್ತು.

ಡ್ರೈವರ್ ದೇವೀಂದ್ರಪ್ಪ ಸಿಟ್ಟಿನಿಂದ ಕೆಳಗಿಳಿದ. ಬೈಯಲು ಬಾಯಿ ತೆರೆದವನು ಅವಳ ಕಂಗಾಲಾದ ಮುಖ ಕಂಡು ತಡೆದುಕೊಂಡ.

"ಬಾಜೂಕಿಂದು ಕಾಣಂಗಿಲ್ಲೇನ್ರಿ ನಿಮಗ?"

ಅವಳು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕೆಲವು ವರ್ಷಗಳಿಂದ ಆ ಕೈ, ಪಾದ, ದವಡೆ ಅಗಲವಾಗುತ್ತಲೇ ಇದ್ದವು. ಮುಟ್ಟು ನಿಂತಿತ್ತು, ತಲೆನೋವು ಬಿಡುತ್ತಿರಲಿಲ್ಲ. ಗೊತ್ತಾಗಿದ್ದ ಮದುವೆ ಮುರಿದಿತ್ತು. ದೆವ್ವ ಮೆಟ್ಟಿದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಇವನೂ ನನ್ನ ಕೈಯನ್ನೇ ನೋಡುತ್ತಿದ್ದಾನೆ...

ಆದರೆ ದೇವೀಂದ್ರಪ್ಪ ನೋಡುತ್ತಿದ್ದುದು ಅವಳ ಕಣ್ಣುಗಳನ್ನು. ಬದಿಯಿಂದ ಬರುವುದು ಅವಳಿಗೆ ಕಾಣುತ್ತಿಲ್ಲವೆಂದು ಅವನಿಗೆ ಖಾತ್ರಿಯಾಯಿತು. ಮುಂದಿನ ವಾರ ಅವನೇ ಅವಳನ್ನೂ ತಾಯಿ ತುಳಜಾಬಾಯಿಯನ್ನೂ ಸೊಲ್ಲಾಪುರದ ಡಾಕ್ಟರ ಬಳಿ ಕರೆದೊಯ್ದ.

ತಲೆಯ ಎಕ್ಸ್‌ರೇ ನೋಡಿದ ಡಾಕ್ಟರು, ಮಿದುಳಿನ ಬುಡದ ಪುಟ್ಟ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದಿದೆ ಎಂದರು. ಇಂಥ ಗಡ್ಡೆಗಳಲ್ಲಿ ಬಗೆಗಳಿವೆಯಂತೆ. ಕೆಲವು ಮುಖ ಊದಿಸಿ ಮೈ ದಪ್ಪ ಮಾಡುತ್ತವೆ, ಕೆಲವು ಬರೀ ದೃಷ್ಟಿ ಕೆಡಿಸುತ್ತವೆ. ಇವಳದು ಬೆಳವಣಿಗೆಯ ರಸವನ್ನು ಮಿತಿಮೀರಿ ಸುರಿಸುವಂಥದ್ದು, ಕಣ್ಣಿನ ನರವನ್ನೂ ಒತ್ತುತ್ತಿದೆ. ಮುಂಬೈಯಲ್ಲಿ ಕಿರಣ ಚಿಕಿತ್ಸೆ ಕೊಟ್ಟರೆ ತಡೆಯಬಹುದು. ಆದರೆ ಬೆಳೆದ ಮೂಳೆ ಹಿಂದಿನಂತಾಗದು, ಮಕ್ಕಳಾಗುವುದೂ ಅನುಮಾನ.

ದೆವ್ವವಲ್ಲ, ಕಾಯಿಲೆ... ಗೌರಾಬಾಯಿ ಅಂದು ಮನಸ್ಸು ಹಗುರಾಗುವಷ್ಟು ಅತ್ತಳು.

ಮುಂಬೈಯಿಂದ ಬಂದ ಮೇಲೆ ತಲೆನೋವು ಇಳಿಯಿತು, ದೃಷ್ಟಿ ಮೆಲ್ಲಗೆ ತಿಳಿಯಾಯಿತು. ಪ್ರತಿ ಸಂತೆಯ ದಿನ ದೇವೀಂದ್ರಪ್ಪ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದ. ಅವನ ದನಿ ಕೇಳಿದರೆ ಅವಳಿಗೆ ಹಸಿವಾಗುತ್ತಿತ್ತು, ನಗು ಬರುತ್ತಿತ್ತು.

ಒಂದು ಸಂತೆಗೆ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ.

ಬಂಜೆಯ ಬಾಗಿಲಿಗೆ ಯಾರು ಬರುತ್ತಾರೆ... ಅಂದುಕೊಂಡು ಅವಳು ಊಟ ಬಿಟ್ಟಳು. ಮಗಳು ಸೊರಗುವುದನ್ನು ನೋಡಲಾರದೆ ತುಳಜಾಬಾಯಿ ಕೊನೆಗೆ ನಿಜ ಹೇಳಿದಳು. ಅವನು ಹೆಣ್ಣು ಕೇಳಲು ಬಂದಿದ್ದ. ಇದು ಕನಿಕರ, ನಾಳೆ ಮಕ್ಕಳಿಗಾಗಿ ಇನ್ನೊಬ್ಬಳನ್ನು ತರುತ್ತಾನೆ ಎಂದು ಹೆದರಿ ತಾನೇ ಅವನಿಗೆ ಬರಬೇಡ ಎಂದಿದ್ದಳು.

ಗೌರಾಬಾಯಿ ಚಪ್ಪಲಿ ಮೆಟ್ಟಿ ನೆಟ್ಟಗೆ ಬಸ್ಸು ನಿಲ್ಲುವಲ್ಲಿಗೆ ಹೋದಳು. ದೇವೀಂದ್ರಪ್ಪ ರಸೂಲನ ಹೋಟೆಲಿನ ಮುಂದೆ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಮ್ಮವ್ವ ಬ್ಯಾಡಂದ್ರ ಸುಮ್ನಾದ್ರೇನ್ರಿ? ನನಗ್ಯಾಕ ಕೇಳಲಿಲ್ಲ?"

"ನೀವೇ ಹೇಳಿಸೀರಂತ ತಿಳ್ಕೊಂಡಿದ್ದೆ."

"ನಾ ಇದಕಿಂತ ಚಂದ ಆಗಂಗಿಲ್ರಿ. ಮಕ್ಕಳೂ ಆಗ್ಲಿಕ್ಕಿಲ್ಲ."

"ಡಾಕ್ಟರು ಹೇಳುವಾಗ ನಾನೂ ಅಲ್ಲೇ ನಿಂತಿದ್ದೆನಲ್ರಿ. ಎಲ್ಲಾ ಕೇಳಿದ ಮ್ಯಾಲೇ ನಿಮ್ಮನಿಗಿ ಬಂದಿದ್ದು."

ಅವಳ ಕಣ್ಣುಗಳು ತುಂಬಿದವು. ಅವನ ದನಿ ತಗ್ಗಿತು.

"ಈಗ ನಿಮಗೇ ಕೇಳಾಕತ್ತೇನಿ. ನನ್ನ ಕೂಡ ಇರ್ತೀರೇನು?"

"ಇರ್ತೇನಿ... ಅವ್ವಗ ನಾನೇ ಹೇಳ್ತೇನಿ," ಎಂದು ಗೌರಾಬಾಯಿ ಬೆಂಚಿನ ಮೇಲೆ ಕುಳಿತಳು. "ಮೊದಲ ಏನರ ತಿನ್ನಾಕ ತರಸ್ರಿ. ಭಾಳ ಹಸಿವಾಗ್ಯದ."