ಸತ್ವಕಡ್ಡಿ ಹೇಳದೆ ಬಿಟ್ಟದ್ದು

ಸಾರಿನ ಹಂಡೆಗೆ, ಊಟದ ಸತ್ವ ಅಳೆಯುವ ಸತ್ವಕಡ್ಡಿ ಇಳಿಯಿತು. ಹಿಡಿಯ ಮೇಲೆ ಒಂಬತ್ತು ಹಸಿರು ಚುಕ್ಕೆಗಳು ಮೂಡಿದವು. ಪ್ರೋಟೀನೆಂಬ ಗೋಡೆಗೆ ಅಮೈನೋ ಆಮ್ಲಗಳೇ ಇಟ್ಟಿಗೆ. ಅವುಗಳಲ್ಲಿ ಒಂಬತ್ತನ್ನು ಮೈ ತಾನಾಗಿ ಮಾಡಿಕೊಳ್ಳಲಾರದು, ಉಂಡೇ ಪಡೆಯಬೇಕು. ಒಂಬತ್ತೂ ಹಸಿರಾದರೆ ಊಟ ಬಡಿಸಬಹುದು ಎಂಬುದು ಈಗಿನ ಕಾನೂನು.

ಮದ್ದೂರಿನಾಚೆಯ ಆ ಗಾರ್ಮೆಂಟ್ಸ್ ಕಾರ್ಖಾನೆಗೆ ಕಡ್ಡಿ ತರಿಸಿದ್ದು ಮಾಲೀಕರಲ್ಲ, ಹೊಲಿಗೆಯ ಹೆಂಗಸರು. ನೀರುಸಾರು ಉಂಡು ಸಾಕಾಗಿ, ಕಡ್ಡಿ ಬರುವ ತನಕ ಮಿಷನ್ ತುಳಿಯುವುದಿಲ್ಲವೆಂದು ಗೇಟಿನ ಮುಂದೆ ಕೂತಿದ್ದರು. ಮುಂದೆ ನಿಂತವಳು ಸಿಂಚನ. ಕಡ್ಡಿ ಬಂತು. ಅದರ ಬೆನ್ನಿಗೇ ಕ್ಯಾಂಟೀನ್ ಕಂಟ್ರಾಕ್ಟರನ ಬಿಳಿ ಪುಡಿಯೂ ಬಂತು: ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳಿಂದ ಮಾಡಿಸಿದ ಅಮೈನೋ ಆಮ್ಲ. ಹುಣಸೆನೀರಿಗೆ ಅದನ್ನು ಸುರಿದರೂ ಕಡ್ಡಿ ಹಸಿರೇ. ಬೇಳೆಯ ಮೂಟೆ ಬರುವುದು ನಿಂತಿತು. ಮುದ್ದೆ ನಿಂಬೆಹಣ್ಣಿನಷ್ಟಾಯಿತು. ಮೊದಲಾದರೆ ತಟ್ಟೆ ಹಿಡಿದು ಜಗಳವಾಡಬಹುದಿತ್ತು, ಈಗ ಕ್ಯಾಂಟೀನಿನವರು ಕಡ್ಡಿಯತ್ತ ಕೈ ತೋರಿಸುತ್ತಾರೆ.

ಹೋದ ವಾರ ಸಿಂಚನ ತನ್ನ ತಟ್ಟೆಯ ಸಾರನ್ನು ಮ್ಯಾನೇಜರ್ ಧನುಷ್‌ನ ಮೇಜಿನ ಮೇಲೆ ಸುರಿದುಬಂದಿದ್ದಳು. ತಪ್ಪಾಯಿತೆಂದು ಬರೆದುಕೊಡು, ಇಲ್ಲವೇ ಕೆಲಸ ಬಿಡು ಎಂದ ಅವನು. ಕಡ್ಡಿ ಕಂಡುಹಿಡಿದವರೇ ಬಂದು ನೋಡಲಿ ಎಂದು ಇವಳು ಹಟ ಹಿಡಿದಳು.

ಹಾಗೆ ಬಂದವರು ಡಾಕ್ಟರ್ ತನ್ಮಯ. ಎರಡೆರಡು ಸಲ ಅದ್ದಿ ನೋಡಿ, ಲೆಕ್ಕ ಸರಿಯಿದೆ ಅಂದರು.

"ಬೇಳೆ ಎಲ್ಲೈತೆ ಸಾ?" ಸಿಂಚನ ಕೇಳಿದಳು.

"ಕಡ್ಡಿಗೆ ಬೇಳೆ ಗೊತ್ತಿಲ್ಲಮ್ಮ. ಇಟ್ಟಿಗೆ ಎಣಿಸುತ್ತೆ, ಅಷ್ಟೆ."

"ಹೊಟ್ಟೆ ತುಂಬ್ತೋ ಇಲ್ವೋ, ಅದು?"

"ಅದನ್ನ ಅಳೆಯೋಕೆ ನನ್ನ ಯಾರೂ ಕೇಳ್ಲಿಲ್ಲ."

ಊಟದ ಹೊತ್ತಾಗಿತ್ತು. ಕ್ಯಾಂಟೀನಿನ ತಟ್ಟೆ ಬೇಡವೆಂದು ಅವರು ಚೀಲದಿಂದ ಡಬ್ಬಿ ತೆಗೆದರು. ಅನ್ನ, ಹಿತಕಿದವರೆ ಸಾರು, ಮೇಲೆ ತುಪ್ಪ. ಸಿಂಚನ ಡಬ್ಬಿಯತ್ತ ಬಗ್ಗಿ ನೋಡಿದಳು.

"ಅದ್ಕೆ ಕಡ್ಡಿ ಅದ್ದಿ ನೋಡಿದ್ರಾ ಸಾ?"

ತುತ್ತು ಅರ್ಧದಲ್ಲೇ ನಿಂತಿತು. "ಇಲ್ಲಮ್ಮ. ಮನೇದು."

"ಹೂಂ. ಮನೇದ್ಕೆ ಯಾಕ್ ಬೇಕು ಬುಡಿ."

ಪಕ್ಕದಲ್ಲೇ ಕಾಯುತ್ತಿದ್ದ ಧನುಷ್ ತಪ್ಪೊಪ್ಪಿಗೆಯ ಹಾಳೆಯನ್ನು ಅವಳ ಮುಂದೆ ಸರಿಸಿ, ಬೇಗ ಸಹಿ ಹಾಕು, ಊಟದ ಹೊತ್ತು ಮುಗಿಯಿತು ಎಂದ. ಅವಳು ಪೆನ್ನು ಮುಟ್ಟಲಿಲ್ಲ. ಬೈಯುವುದಕ್ಕೂ ತ್ರಾಣವಿರಲಿಲ್ಲ. ಕೊರಳಿನ ಗುರುತುಚೀಟಿ ಬಿಚ್ಚಿ ಹಾಳೆಯ ಮೇಲಿಟ್ಟು ಹೊರಟಳು. ಡಾಕ್ಟರು ಅರ್ಧ ಉಂಡ ಡಬ್ಬಿಗೆ ಮುಚ್ಚಳ ಹಾಕಿದರು.

ಬಸ್ಸಿಗೆ ಕಾಯುತ್ತ ಅವಳಿಗೆ ಹೊಳೆಯಿತು. ಅಂದು ಗೇಟಿನ ಮುಂದೆ ಕೂತು ಕೇಳಬೇಕಾಗಿದ್ದು ಕಡ್ಡಿಯನ್ನಲ್ಲ. ಮ್ಯಾನೇಜರೂ, ಮಾಲೀಕರೂ ಇದೇ ಹಂಡೆಯಿಂದ ಉಣ್ಣಲಿ ಅನ್ನಬೇಕಿತ್ತು. ಅದಕ್ಕೆ ಯಾವ ವಿಜ್ಞಾನಿಯೂ ಬೇಕಿರಲಿಲ್ಲ. ಅವಳ ಅವ್ವ, ಅವ್ವನ ಅವ್ವ ಮಿಷನ್ ತುಳಿಯುತ್ತಿದ್ದ ಕಾಲದಲ್ಲೇ ಕೇಳಬಹುದಿತ್ತು.