ಮುಟ್ಟಬ್ಯಾಡ ಅಂದಿದ್ದ

ಗವಿಸಿದ್ದೇಶನಿಗೆ ಬಿಡಿಸಿ ಹೇಳುವ ಗುಣ ಇರಲಿಲ್ಲ.

“ಮುಟ್ಟಬ್ಯಾಡ,” ಅಂದ. ಅಷ್ಟೇ!

ವಾಣಿಶ್ರೀಗೆ ಮೈ ಉರಿಯಿತು. ಹರಪನಹಳ್ಳಿಯ ಆ ಮೆಕ್ಕೆಜೋಳದ ಮಂಡಿಯಲ್ಲಿ ತೂಕದ ಸಾಫ್ಟ್‌ವೇರ್ ನೋಡಿಕೊಳ್ಳುವವರು ಅವರಿಬ್ಬರೇ. ಬೆಳಿಗ್ಗೆಯಿಂದ ಅದು ತೂಕ ನುಂಗುತ್ತಿತ್ತು, ಚೀಟಿ ಉಗುಳುತ್ತಿರಲಿಲ್ಲ. ಅದನ್ನು ಕಂಟೇನರ್ ಎಂಬ ಡಬ್ಬಿಯೊಳಗೆ ಕೂರಿಸಿದವನು ಅವನು. ಡಬ್ಬಿಯಲ್ಲಿ ಪ್ರೋಗ್ರಾಂ ಬಿಟ್ಟು ಬೇರೇನೂ ಇಲ್ಲ. ಒಳಹೊಕ್ಕು ನೋಡಲು, ಆಜ್ಞೆ ಟೈಪಿಸುವ ಒಂದು ಶೆಲ್ ಕೂಡ ಇಲ್ಲ.

“ನಾ ಕೈ ಹಾಕ್ತೀನಂತ ಎಲ್ಲಾ ಕಿತ್ತು ಹಾಕೀಯೇನು? ಅಷ್ಟೂ ನಂಬಿಕಿ ಇಲ್ಲ?”

“ಬಾಜೂಕ ಇನ್ನೊಂದು ಕಂಟೇನರ್ ಹಚ್ಚೀನಿ. ಅದರಿಂದ ಇದರೊಳಗಿನದು ಕಾಣ್ತತಿ. ತಡಿ, ಬಂದೆ.”

ಎದ್ದು ಹೊರಗೆ ಓಡಿದ.

ಎರಡು ವರ್ಷ ಒಂದೇ ಬುತ್ತಿ ಹಂಚಿಕೊಂಡು ತಿಂದಿದ್ದೇವೆ... ಯಾಕೆ ಅಂತ ಹೇಳಿದರೆ ಇವನ ಗಂಟೇನು ಹೋಗುತ್ತದೆ?

ಕಿಟಕಿಯಲ್ಲಿ ಮಾಲೀಕ ಶ್ರೀನಾಥನ ಮುಖ ಕಾಣಿಸಿತು. “ಏನವಾ, ಅದಕ್ಕ ಪೂಜಿ ಮಾಡಾಕತ್ತೀರೇನು? ಟ್ರ್ಯಾಕ್ಟರ್ ಬಸ್‌ಸ್ಟ್ಯಾಂಡ್ ತನಕ ನಿಂತಾವು!”

ಅವಳು ರೀಸ್ಟಾರ್ಟ್ ಒತ್ತಿದಳು.

ಚೀಟಿ ಬರತೊಡಗಿತು. ಆದರೆ ಬೆಳಗಿನ ಒಂದು ತೂಕವೂ ಅದರಲ್ಲಿರಲಿಲ್ಲ! ಉಳಿಸಿಡುವ ಕಡೆಯೇ ಕೆಟ್ಟಿತ್ತು. ಅವೆಲ್ಲ ಓಡುತ್ತಿದ್ದ ಪ್ರೋಗ್ರಾಮಿನ ನೆನಪಿನಲ್ಲಷ್ಟೇ ಇದ್ದವು. ರೀಸ್ಟಾರ್ಟ್ ಆದದ್ದೇ ಅಳಿಸಿಹೋದವು.

ಗವಿಸಿದ್ದೇಶ ಓಡಿದ್ದು ಹಮಾಲರು ಕಾಳು ಬೆರೆಸದಂತೆ ತಡೆಯಲು. ಅಷ್ಟರಲ್ಲಿ ಅವರು ಎಲ್ಲ ರೈತರ ಕಾಳನ್ನೂ ಒಂದೇ ರಾಶಿಗೆ ಸುರಿದಿದ್ದರು. ಇನ್ನು ಯಾರದೆಂದು ತೂಗುವುದು?

“ಯಾರಲೇ ಇದನ್ನ ಮಾಡಿದ್ದು?” ಶ್ರೀನಾಥ ನುಗ್ಗಿ ಬಂದ.

“ನಾನ್ರಿ,” ಅಂದ ಹಿಂದೆಯೇ ಬಂದ ಗವಿಸಿದ್ದೇಶ.

ವಾಣಿಶ್ರೀ ಆಚೆ ತಿರುಗಿ ಚೀಟಿ ಜೋಡಿಸತೊಡಗಿದಳು.

ಅವನನ್ನು ಕೆಲಸದಿಂದ ತೆಗೆದರು. ಸಂಜೆ ಕೊಟ್ಟೂರು ಬಸ್ಸಿನ ಬಾಗಿಲಲ್ಲಿ ಅವಳು ಅವನ ತೋಳು ಹಿಡಿದಳು.

“ಶೆಲ್ ಯಾಕ ತಗದಿದ್ದಿ?”

“ಹೊರಗಿನ ಕಳ್ಳರು ಹೊಕ್ಕರೂ ಕೈಗೆ ಏನೂ ಸಿಗಬಾರದಂತ. ನಿನಗ ಹೆದರಿ ಅಲ್ಲ.”

“ಅವಾಗ ಹೇಳಾಕ ಏನಾಗಿತ್ತು, ಮೂಕಬಸವಾ!”

“ನೀ ಬರೇ ಬೈದಿ... ಕೇಳಲಿಲ್ಲ.”

“ನೀ ಅಂದ್ರ ನಂಗ ಜೀವ, ಗವಿ. ನಾಳೆ ಶ್ರೀನಾಥಣ್ಣಗ ಖರೇ ಹೇಳ್ತೀನಿ.”

“ಹೇಳಿ ಫೋನ್ ಮಾಡು. ಕಾಯ್ತೀನಿ. ಉಂಡಿಯೇನು?”

“ಇಲ್ಲ.”

ತನ್ನ ಬುತ್ತಿಯನ್ನು ಅವಳ ಕೈಗಿಟ್ಟು ಬಸ್ಸು ಹತ್ತಿದ.

ಮರುದಿನ ಶ್ರೀನಾಥ ಎದುರಿಗೇ ಕೂತಿದ್ದ. ಈ ಊರಲ್ಲಿ ಇಂಥ ಇನ್ನೊಂದು ಕೆಲಸ ಅವಳಿಗೆ ಸಿಗುವಂತಿರಲಿಲ್ಲ. ವಾಣಿಶ್ರೀ ಚೀಟಿ ಹರಿದು ಕೊಡುತ್ತ ಹೋದಳು. ಹೇಳಲಿಲ್ಲ. ಫೋನೂ ಮಾಡಲಿಲ್ಲ.

ಹೋದದ್ದು ಮೂವತ್ತೆಂಟು ರೈತರ ತೂಕ, ಒಂದು ನೌಕರಿ, ಒಬ್ಬ ಗವಿಸಿದ್ದೇಶ.